ಮೂರು ಉಡಗಳಲ್ಲಿ ಒಂದು

ಗಲ್ಫಿನ ಮನಾಮದಲ್ಲಿ, ಉಮ್ ಅಲ್ ಹಸ್ಸಮ್‌ನ ನೆಲಮಹಡಿಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಶಿಪ್ಪಿಂಗ್ ಆಫೀಸೊಂದರಲ್ಲಿ ಟೈಪಿಸ್ಟ್, ಅಕ್ಕ ಒಂದು ಕ್ಲಿನಿಕ್ಕಿನ ಲ್ಯಾಬ್ ಟೆಕ್ನಿಷಿಯನ್. ಒಡಹುಟ್ಟಿದವರಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವರು, ಅದಕ್ಕೇ ಅಕ್ಕ. ನನ್ನ ಮನೆಮಾತು ಕೊಂಕಣಿ, ಅವರದು ತುಳು, ಹಾಗಾಗಿ ನಮ್ಮ ಮಾತುಕತೆಯೆಲ್ಲ ಕನ್ನಡದಲ್ಲಿ. ಎಂಬತ್ತರ ದಶಕದ ಆರಂಭದ ಒಂದು ಚಳಿಗಾಲದ ಬೆಳಿಗ್ಗೆ ಅವರು ಚಹಾ ಸೋಸುತ್ತಾ, ತನಗೊಂದು ಉಡ ಸಾಕಬೇಕೆಂದಿದೆ ಎಂದರು.

ತಮಾಷೆ ಎಂದುಕೊಂಡೆ. ಊರಿನಲ್ಲಿ ಉಡ ಹಿಡಿದು ತಿನ್ನುವವರನ್ನು ಕಂಡಿದ್ದೆ, ಸಾಕುವವರನ್ನಲ್ಲ. ಆದರೆ ಅಕ್ಕನಿಗೆ ಬೆಕ್ಕಿನ ಕೂದಲು ಆಗುತ್ತಿರಲಿಲ್ಲ, ಸೀನು ಶುರುವಾದರೆ ನಿಲ್ಲುತ್ತಿರಲಿಲ್ಲ. ಮೇಲಾಗಿ ಅವರಿಗೆ ಒಂದು ನೆನಪಿತ್ತು. ಒಂಬತ್ತು ವರ್ಷದವರಿದ್ದಾಗ ಯಾರೋ ಉಡವೊಂದನ್ನು ಕೋಲಿಗೆ ಕಟ್ಟಿ ಅವರ ಅಂಗಳಕ್ಕೆ ಮಾರಲು ತಂದಿದ್ದರಂತೆ. ಸುತ್ತ ಅಷ್ಟು ಜನ ನಿಂತಿದ್ದರೂ ಅದು ತಲೆ ಓರೆ ಮಾಡಿ ಇವರೊಬ್ಬರನ್ನೇ ನೋಡಿತಂತೆ. ಯೋಚನೆ ಮಾಡಿ ನೋಡಿದ ಹಾಗಿತ್ತು ಎನ್ನುತ್ತಿದ್ದರು.

ಮನಾಮದ ಶುಕ್ರವಾರದ ಸಂತೆಯಲ್ಲಿ ಹಕ್ಕಿ, ಮೊಲ ಮಾರುವ ಕರಾಚಿಯವನೊಬ್ಬನಿದ್ದ. ಅಕ್ಕ ಹೇಳಿಟ್ಟ ಮೇಲೆ ಅವನು ಮೂರು ಉಡ ತರಿಸಿದ. ಒಂದು ಇಲ್ಲಿಯದೇ, ಮರಳುಗಾಡಿನದು. ಅರಬರು ಅದನ್ನು ವರಲ್ ಎನ್ನುತ್ತಾರೆ. ಮರಳಿನ ಬಣ್ಣದ ಮೈ, ಬೆನ್ನಿಗೆ ಕಂದು ಪಟ್ಟೆ, ಹತ್ತಿರ ಹೋದರೆ ಕತ್ತು ಉಬ್ಬಿಸಿ ಬುಸುಗುಡುತ್ತಿತ್ತು. ಎರಡನೆಯದು ಪೂರ್ವದ ಕಡೆಯಿಂದ ಹಡಗಿನಲ್ಲಿ ಬಂದ ನೀರುಡದ ಮರಿ, ಕಪ್ಪು ಮೈಮೇಲೆ ಹಳದಿ ಚುಕ್ಕೆಗಳು. ಮೂರನೆಯದು ಆಫ್ರಿಕಾದ್ದು. ಬೂದು ಬಣ್ಣ, ಗಿಡ್ಡ ಕಾಲು, ದಪ್ಪ ತಲೆ. ನನ್ನ ಕಣ್ಣಿಗಂತೂ ಅದು ಬರೀ ಕೊಳಕು ಪ್ರಾಣಿ.

ಅಕ್ಕ ಮೂರು ಶುಕ್ರವಾರ ಬರಿಗೈಯಲ್ಲಿ ವಾಪಸಾದರು. ಹೋದಾಗಲೆಲ್ಲ ಗೂಡುಗಳ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಯಾವುದು ಏನು ತಿಂದಿತು, ಎಷ್ಟು ಹೊತ್ತು ಓಡಾಡಿತು, ಎಲ್ಲಿ ಮಲಗಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ವ್ಯಾಪಾರಿಗೂ ಅವರು ಬಾಜಿ, ಉರ್ದುವಿನ ಅಕ್ಕ. ಅವನು ಬೇಸತ್ತು, ಬಾಜಿ, ಉಡ ಕೊಳ್ಳುತ್ತೀರೋ ಮದುವೆ ಗೊತ್ತು ಮಾಡುತ್ತೀರೋ ಎಂದು ಕೇಳಿದ. ಅಕ್ಕ ನಗಲೂ ಇಲ್ಲ, ಬರೆಯುವುದನ್ನು ನಿಲ್ಲಿಸಲೂ ಇಲ್ಲ. ಉಡದ ಪಟ್ಟು ಅಂದರೆ ಏನೆಂದು ನನಗೆ ತಿಳಿದದ್ದು ಈ ಹೆಂಗಸಿನಿಂದ.

ಅವರ ಮನಸ್ಸು ವರಲ್ ಮೇಲೆಯೇ ಇತ್ತು. ಅದನ್ನು ನೋಡುವಾಗ ಅವರ ಮುಖವೇ ಬೇರೆಯಾಗುತ್ತಿತ್ತು. ಆದರೂ ಕೊಳ್ಳುವ ಮುಂಚೆ ನನ್ನನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಬುದಯ್ಯಕ್ಕೆ ಹೋದರು. ರಕ್ತ ಪರೀಕ್ಷೆಗೆ ಕ್ಲಿನಿಕ್ಕಿಗೆ ಬರುತ್ತಿದ್ದ ಮುದುಕರೊಬ್ಬರ ಖರ್ಜೂರದ ತೋಟ ಅಲ್ಲಿತ್ತು. ಅವರು ನಮಗೆ ಕಹ್ವಾ ಎಂಬ ಅರಬಿ ಕಾಫಿ ಕೊಟ್ಟು, ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ವಿಷಯ ತಿಳಿಸಿದರು. ವರಲ್ ಬೆಳಿಗ್ಗೆ ಬಿಲ ಬಿಟ್ಟರೆ ಮೈಲಿಗಟ್ಟಲೆ ನಡೆಯುತ್ತದೆ, ನಡಿಗೆಯೇ ಅದರ ಜೀವ. ಅವರ ತಮ್ಮ ಒಮ್ಮೆ ಒಂದನ್ನು ಗೂಡಿನಲ್ಲಿಟ್ಟಿದ್ದ. ಅದು ಮೂತಿಯನ್ನು ತಂತಿಗೆ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡು ತಿಂಗಳೊಳಗೆ ಸತ್ತಿತ್ತು.

ಮುಂದಿನ ಶುಕ್ರವಾರ ಅಕ್ಕ ಸೀದಾ ಸಂತೆಗೆ ಹೋಗಿ ಆಫ್ರಿಕಾದ ಉಡವನ್ನು ತೋರಿಸಿದರು.

"ಅಕ್ಕಾ, ನಿಮಗೆ ಇಷ್ಟ ಇದ್ದದ್ದು ವರಲ್ ಅಲ್ವಾ?" ಎಂದೆ.

"ನನಗೆ ಯಾವುದು ಇಷ್ಟ ಅಂತ ನೋಡ್ಲಿಕ್ಕೆ ಬಂದದ್ದಲ್ಲ ಮಾರಾಯ್ತಿ," ಎಂದರು. "ನಮ್ಮ ಮನೆಯಲ್ಲಿ ಯಾವುದಕ್ಕೆ ಕಷ್ಟ ಕಮ್ಮಿ ಅಂತ ನೋಡ್ಬೇಕಲ್ಲ. ನೀರುಡ ಬೆಳೆದ್ರೆ ನನಗಿಂತ ಉದ್ದ ಆಗ್ತದೆ, ಅದಕ್ಕೆ ಕೆರೆ ಎಲ್ಲಿಂದ ತರುವುದು? ವರಲಿಗೆ ನಡೀಲಿಕ್ಕೆ ಜಾಗ ಎಲ್ಲುಂಟು? ಇದಕ್ಕೆ ಬಿಸಿಲು ಬೇಕು, ಅಗೀಲಿಕ್ಕೆ ಮಣ್ಣು ಬೇಕು. ಅದೆರಡೂ ಉಂಟು ನಮ್ಮಲ್ಲಿ."

ಹಿತ್ತಲಿಗೆ ಎರಡು ಪಿಕಪ್ ಮಣ್ಣು ತರಿಸಿ, ಸುತ್ತ ಎದೆಮಟ್ಟದ ನುಣುಪು ಗೋಡೆ ಕಟ್ಟಿಸಿ, ಒಂದು ಮೂಲೆಗೆ ಗರಿಯ ಚಪ್ಪರ ಹಾಕಿಸಿದರು. ದಿನವೂ ಕ್ಲಿನಿಕ್ಕಿನಿಂದ ಬಂದವರೇ ಬಟ್ಟೆ ಬದಲಿಸಿ ಅಲ್ಲಿಗೆ ಹೋಗುತ್ತಿದ್ದರು. ಜಿರಳೆ, ಬಸವನಹುಳ, ಅಪರೂಪಕ್ಕೊಂದು ಮೊಟ್ಟೆ, ಅದಕ್ಕೆ ಆಹಾರ. ನಾನು ಅಡುಗೆಮನೆಯ ಕಿಟಕಿಯಿಂದಾಚೆ ಹೋಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕ ಒಂದು ತಿಂಗಳ ರಜೆಯಲ್ಲಿ ಊರಿಗೆ ಹೋದರು. ಅವರು ಹೋದ ನಾಲ್ಕನೇ ದಿನ ಉಡ ಕಾಣೆಯಾಯಿತು. ಹಿತ್ತಲಲ್ಲಿ ಸುಡುವ ಮಣ್ಣು ಬಿಟ್ಟರೆ ಏನೂ ಇಲ್ಲ. ಕಳೆದುಹೋಯಿತು, ಇಲ್ಲವೇ ಒಳಗೇ ಸತ್ತಿದೆ ಎಂದುಕೊಂಡೆ. ಸಲಿಕೆ ಹಿಡಿದು ಹೊರಟವಳಿಗೆ ಫ್ರಿಜ್ಜಿನ ಮೇಲೆ ಅವರು ಅಂಟಿಸಿದ್ದ ಚೀಟಿ ಕಾಣಿಸಿತು. ಆರನೇ ಸಾಲು ಹೀಗಿತ್ತು: "ಕಾಣದಿದ್ದರೆ ಹುಡುಕಬೇಡ. ಅಗೆಯಬೇಡ. ನೀರು ಮಾತ್ರ ಬದಲಿಸು." ಸಲಿಕೆ ಕೆಳಗಿಟ್ಟೆ. ದಿನಾ ಬೆಳಿಗ್ಗೆ ಗೋಡೆ ದಾಟಿ ಒಳಗಿಳಿದು, ಯಾರೂ ಕುಡಿಯದ ನೀರನ್ನು ಚೆಲ್ಲಿ ಹೊಸದು ತುಂಬಿದೆ. ಹತ್ತು ದಿನ.

ಹನ್ನೊಂದನೇ ದಿನ ಬೋಗುಣಿಯ ಪಕ್ಕ ಮಣ್ಣು ಅಲುಗಿ ಒಂದು ತಲೆ ಮೇಲೆ ಬಂತು. ಧೂಳು ಕೊಡವಿ, ನನ್ನ ಕಾಲ ಬುಡದಲ್ಲೇ ನಿಧಾನವಾಗಿ ನೀರು ಕುಡಿಯಿತು. ಓಡಬೇಕೆನಿಸಲಿಲ್ಲ. ಬಗ್ಗಿ ಬೆನ್ನು ಮುಟ್ಟಿದೆ. ಒತ್ತಾಗಿ ಪೋಣಿಸಿದ ಮಣಿಗಳ ಹಾಗಿತ್ತು, ಒಳಗೆ ಉಸಿರು ಏರಿಳಿಯುವುದು ಬೆರಳಿಗೆ ಗೊತ್ತಾಗುತ್ತಿತ್ತು. ಅದು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ಮತ್ತೆ ಕುಡಿಯತೊಡಗಿತು.

ಅದು ನಮ್ಮೊಡನೆ ಏಳು ವರ್ಷ ಇತ್ತು. ಸತ್ತ ಸುದ್ದಿ ತಿಳಿದ ಸಂತೆಯವನು ಇನ್ನೊಂದನ್ನು ತರಿಸಿಕೊಡುವೆನೆಂದ. ಅಷ್ಟರಲ್ಲಿ ಅಕ್ಕ ಕೆಲಸ ಬಿಟ್ಟು ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಬೇಡ ಎಂದರು. ನೋಡಿಕೊಳ್ಳಲು ನಾನಿದ್ದೇನಲ್ಲ ಎಂದೆ. ಅಕ್ಕ, ಹಾಗಾದರೆ ಮೊದಲು ಮೂರು ಶುಕ್ರವಾರ ಸ್ಟೂಲು ಹಾಕಿಕೊಂಡು ಕೂತು ಬಾ ಎಂದರು.