ಅಮಾವಾಸ್ಯೆಯ ದಿನ ತಿರುಗಿದ ರಾಟಿ

“ಎಲ್ಲಾ ಆರಾಮ್ ಅದೀವಿ” ಎಂಬ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಫೋನಿನಲ್ಲಿ ಯಾರಾದರೂ ಮೊದಲ ಮಾತಿಗೇ ಹಾಗಂದರೆ, “ಸುಳ್ಳ ಬ್ಯಾಡ್ರಿ, ಏನ ಆಗೇತಿ ಅದನ್ನ ಹೇಳ್ರಿ” ಎಂದು ಬಾಯಿಗೆ ಬಂದುಬಿಡುತ್ತದೆ. ನನ್ನ ಗಂಡ ನಗುತ್ತಾನೆ. ನಗಲಿ. ಆ ಮಾತನ್ನು ನಂಬಿ ಇಪ್ಪತ್ಮೂರು ದಿನ ಅಡುಗೆ ಮಾಡಿ, ಉಂಡು, ಹಾಯಾಗಿ ಮಲಗಿ ಎದ್ದವಳು ನಾನು, ಅವನಲ್ಲ.

ನಾವಿರುವುದು ಕೆನ್ಯಾದಲ್ಲಿ. ಗಂಡ ಬನಹಟ್ಟಿಯಲ್ಲಿ ಪವರ್‌ಲೂಮ್ ಫಿಟ್ಟರ್ ಆಗಿದ್ದ. ಇಲ್ಲಿಯ ಬಟ್ಟೆ ಗಿರಣಿಯೊಂದಕ್ಕೆ ಮಗ್ಗ ರಿಪೇರಿ ಬಲ್ಲವರು ಬೇಕಾಗಿದ್ದರು, ಬಂದೆವು. ಎರಡು ವರ್ಷ ಎಂದು ಬಂದವರಿಗೆ ಒಂಬತ್ತು ವರ್ಷವಾಯಿತು. ಗಿರಣಿಯ ಹಿಂದಿನ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ. ನಾನು ಊರಿನ ಗುಜರಾತಿ ಹೆಣ್ಣುಮಕ್ಕಳಿಗೆ ಬ್ಲೌಸ್ ಹೊಲಿಯುತ್ತೇನೆ. ಇಲ್ಲಿಯ ಸಂತೆಯಲ್ಲೂ ಜೋಳ ಸಿಗುತ್ತದೆ, ಸ್ವಲ್ಪ ಕೆಂಪು. ಬಡಿದರೆ ರೊಟ್ಟಿಯಾಗುತ್ತದೆ. ಒಟ್ಟಿನಲ್ಲಿ ಬದುಕಿಗೆ ಏನೂ ಕಡಿಮೆಯಿಲ್ಲ, ಅವ್ವ ಒಬ್ಬಳನ್ನು ಬಿಟ್ಟರೆ.

ಅವ್ವ ಇರುವುದು ರಬಕವಿಯಲ್ಲಿ, ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿಯ ಜೊತೆ. ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್, ಒಳಗೆ ಅಪ್ಪ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದ ಒಂದು ಹಳೆಯ ಕುಣಿ ಮಗ್ಗ. ಆ ಮಗ್ಗಕ್ಕೆ ಬೇಕಾದ ಕಂಡಿಕಿಗಳನ್ನು, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಗಳನ್ನು, ರಾಟಿಯ ಮೇಲೆ ಸುತ್ತುವುದು ಅವ್ವನ ಕೆಲಸ. ಅಪ್ಪ ಹೋದ ಮೇಲೂ ಅವಳು ಅದನ್ನು ಬಿಡಲಿಲ್ಲ. ಅಣ್ಣ ವಾರಕ್ಕೆ ನಾಲ್ಕು ದಿನ ಆ ಮಗ್ಗದಲ್ಲಿ ಕೂರುತ್ತಿದ್ದದ್ದು ಸೀರೆಯ ಆಸೆಗಿಂತ ಹೆಚ್ಚಾಗಿ ಅವಳಿಗೆ ಕೆಲಸ ಇರಲಿ ಎಂದು.

ನನ್ನ ಜೊತೆ ಮಾತಾಡುವಾಗಲೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ನಾನು ಬೆಳಿಗ್ಗೆ ಎಂಟೂವರೆಗೆ ಗಂಡನನ್ನು ಗಿರಣಿಗೆ, ಮಗಳನ್ನು ಶಾಲೆಗೆ ಕಳಿಸಿ ಫೋನ್ ಹಚ್ಚಿದರೆ ಅಲ್ಲಿ ಹನ್ನೊಂದು ಗಂಟೆ. ವೈನಿ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ರಾಟಿಯ ಗರ್ರ್ ಎನ್ನುವ ಸದ್ದಿನೊಳಗಿಂದ “ಉಂಡೀ ಏನ? ಏನ ಮಾಡಿದ್ದೀ?” ಎಂದು ಅವ್ವ ಕೇಳುತ್ತಿದ್ದಳು. ಹೊರಗೆ ಪವರ್‌ಲೂಮುಗಳ ಖಟಪಟ. ಅರ್ಧ ಮಾತು ಕೇಳುತ್ತಿರಲಿಲ್ಲ. ಕೇಳದಿದ್ದರೂ ನಡೆಯುತ್ತಿತ್ತು. ರಾಟಿಯ ಸದ್ದು ಇದೆ ಅಂದರೆ ಅವ್ವ ಗಟ್ಟಿಯಾಗಿದ್ದಾಳೆ ಎಂದು ನನ್ನ ಲೆಕ್ಕ.

ಆ ಲೆಕ್ಕವನ್ನೇ ತವರಿನವರು ನನ್ನ ಮೇಲೆ ತಿರುಗಿಸಿದರು.

ಹೋದ ವರ್ಷ ಇದ್ದಕ್ಕಿದ್ದಂತೆ ಅವ್ವ ಫೋನಿಗೆ ಸಿಗುವುದು ನಿಂತಿತು. ಅಣ್ಣ, “ಅವ್ವ ಕಂಡಿಕಿ ಸುತ್ತಾಕತ್ತಾಳ, ಅರ್ಜಂಟ್ ಸೀರಿ ಐತಿ, ಕೈ ಬಿಡುವಿಲ್ಲ. ಎಲ್ಲಾ ಆರಾಮ್ ಅದೀವಿ” ಎನ್ನುತ್ತಿದ್ದ. ಹಿಂದಿನಿಂದ ಖಟಪಟದ ನಡುವೆ ರಾಟಿಯ ಗರ್ರ್ ಕೇಳುತ್ತಿತ್ತು. ವಿಡಿಯೋ ಹಚ್ಚು ಅಂದರೆ ನೆಟ್‌ವರ್ಕ್ ಇಲ್ಲ. ಒಂದು ದಿನ ಸಣ್ಣವ್ವನ ಊರಿಗೆ ಹೋಗಿದ್ದಾಳೆ, ಇನ್ನೊಂದು ದಿನ ಈಗ ತಾನೇ ಮಲಗಿದ್ದಾಳೆ. ನಾನು ದಡ್ಡಿ, ನಂಬಿದೆ. ರಾಟಿಯ ಸದ್ದು ಕೇಳಿದ ಮೇಲೆ ನಂಬದೆ ಇನ್ನೇನು ಮಾಡಲಿ?

ಇಪ್ಪತ್ಮೂರನೆಯ ದಿನ ಫೋನ್ ಎತ್ತಿದವರು ವೈನಿ. ಅದೇ ಪಾಠ ಒಪ್ಪಿಸಿದರು: “ಅತ್ತಿ ಕಂಡಿಕಿ ಸುತ್ತಾಕತ್ತಾರ ಯವ್ವಾ. ಎಲ್ಲಾ ಆರಾಮ್.” ರಾಟಿ ತಿರುಗುತ್ತಿತ್ತು. ಆದರೆ ಅವತ್ತು ಅದರ ಸದ್ದು ಬಹಳ ಸ್ಪಷ್ಟವಾಗಿತ್ತು. ಯಾಕೆ ಇಷ್ಟು ಸ್ಪಷ್ಟ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ಮಗ್ಗಗಳ ಖಟಪಟ ಇರಲಿಲ್ಲ. ಅಣ್ಣ ಪ್ರತಿ ವರ್ಷ ಯಾರದೋ ಕೈಯಲ್ಲಿ ಕಳಿಸುವ ಕನ್ನಡ ಕ್ಯಾಲೆಂಡರ್ ನನ್ನ ಒಲೆಯ ಪಕ್ಕದಲ್ಲೇ ತೂಗುತ್ತದೆ. ನೋಡಿದೆ. ಅವತ್ತಿನ ಚೌಕದಲ್ಲಿ ಕರಿ ಗುಂಡು. ಅಮಾವಾಸ್ಯೆ.

ನಮ್ಮ ಮನೆಯಲ್ಲಿ ಅಮಾವಾಸ್ಯೆ ಅಂದರೆ ಮಗ್ಗಕ್ಕೆ ರಜೆ. ಲಾಳಿ ಓಡುವುದಿಲ್ಲ, ರಾಟಿ ತಿರುಗುವುದಿಲ್ಲ. ಮಗ್ಗ ಒರೆಸಿ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಹೋಳಿಗೆ ಉಂಡು ಮಲಗುವ ದಿನ ಅದು. ಸಣ್ಣವಳಿದ್ದಾಗ ಒಮ್ಮೆ ಅಮಾವಾಸ್ಯೆಯ ದಿನ ಆಟಕ್ಕೆ ರಾಟಿ ತಿರುಗಿಸಿದ್ದಕ್ಕೆ ಅವ್ವ ನನ್ನ ಬೆನ್ನಿಗೆ ಎರಡು ಬಿಟ್ಟಿದ್ದಳು. ಅಂಥ ಅವ್ವ ಅಮಾವಾಸ್ಯೆಯ ದಿನ ಕಂಡಿಕಿ ಸುತ್ತುತ್ತಾಳೆಯೇ?

“ವೈನಿ,” ಅಂದೆ, “ಇವತ್ತ ಅಮಾಸಿ ಐತಲ್ರಿ?”

ರಾಟಿ ನಿಂತಿತು. ಆಮೇಲೆ ವೈನಿ ಹೋ ಎಂದು ಅತ್ತರು.

ಅವ್ವನಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದಿದ್ದವು. ಅವತ್ತು ಅಣ್ಣ ಅವಳನ್ನು ಜಮಖಂಡಿಯ ದವಾಖಾನೆಗೆ ತೋರಿಸಲು ಕರೆದುಕೊಂಡು ಹೋಗಿದ್ದ. ನನ್ನ ಫೋನ್ ಬಂದರೆ ರಾಟಿ ತಿರುಗಿಸು ಎಂದು ವೈನಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದನಂತೆ. ವೈನಿಯ ತವರು ಮುಧೋಳದ ಕಡೆಯ ಕಬ್ಬಿನ ಮನೆತನ, ಸೋಮವಾರ ಎತ್ತಿಗೆ ನೊಗ ಇಡದವರು. ನೇಕಾರರ ಮನೆಗೆ ಬಂದು ಇಪ್ಪತ್ತು ವರ್ಷವಾಗಿ, ಅಮಾವಾಸ್ಯೆಯ ನೇಮ ನಮಗಿಂತ ಚೆನ್ನಾಗಿ ಪಾಲಿಸುವವರು. ಆದರೆ ಫೋನ್ ರಿಂಗಾದ ಗಾಬರಿಯಲ್ಲಿ ಕೈ ತಾನಾಗಿಯೇ ರಾಟಿಗೆ ಹೋಗಿತ್ತು. “ಅಮಾಸಿ ದಿನ ರಾಟಿ ಮುಟ್ಟೀನಿ ಯವ್ವಾ, ಅತ್ತಿಗೆ ಇನ್ನೇನ ಆಗತೈತೋ” ಎಂದು ಅವರು ಅಳುತ್ತಿದ್ದರೆ ನನಗೆ ಬೈಯಲೂ ಬಾಯಿ ಬರಲಿಲ್ಲ. ಬೈಗುಳವನ್ನೆಲ್ಲ ಅಣ್ಣನಿಗೆ ಎತ್ತಿಟ್ಟೆ.

ನಾಲ್ಕನೆಯ ದಿನ, ರಬಕವಿಗೆ ಅಂಟಿಕೊಂಡೇ ಇರುವ ಬನಹಟ್ಟಿಯ ಸ್ಟ್ಯಾಂಡಿನಲ್ಲಿ ಇಳಿದೆ. ಆಟೋದವನು ನನ್ನ ಮುಖ ನೋಡಿ, “ಅವ್ವಾರ್ನ ನೋಡಾಕ ಬಂದ್ರೇನ್ರಿ? ಈಗ ಅಡ್ಡಿ ಇಲ್ಲ ಬಿಡ್ರಿ” ಅಂದ. ಓಣಿಯ ಮೂಲೆಯ ಕಿರಾಣಿ ಅಂಗಡಿಯವರು ಎದ್ದು ಬಂದು, “ಬಂದ್ಯಾ ಯವ್ವಾ, ಛಲೋ ಆತು” ಅಂದರು. ಆಟೋದವನಿಗೆ ಗೊತ್ತು, ಕಿರಾಣಿಯವರಿಗೆ ಗೊತ್ತು, ಅವರ ಅಂಗಡಿಗೆ ಬರುವವರಿಗೆಲ್ಲ ಗೊತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಮಾತ್ರ ಗೊತ್ತಿಲ್ಲ! ಆ ಓಣಿಯಲ್ಲಿ ನಡೆಯುವಾಗ ನನಗೆ ಅಳು ಬರಲಿಲ್ಲ, ಪಿತ್ತ ನೆತ್ತಿಗೇರಿತ್ತು.

ಅಣ್ಣ ಪವರ್‌ಲೂಮ್ ಬಂದ್ ಮಾಡಿ ಎದ್ದು ಬಂದ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ.

“ಯಾಕ ಹೇಳಲಿಲ್ಲ ನಂಗ?”

“ನೀ ಅಷ್ಟ ದೂರ ಇದ್ದೀ. ಹೇಳಿದ್ರ ಏನ ಮಾಡ್ತಿದ್ದೀ?”

“ಬರ್ತಿದ್ದೆ!”

“ಬಂದು?”

“ಬಂದು ಅಕಿ ಕಡೆ ಕುಂದರ್ತಿದ್ದೆ! ನೀ ಏನ ಮಾಡಿದಿ ಕುಂತು? ಮೂರ ದಿನ ಬೀಳಗಿ ಕಡೆ ಬೇರಿನ ಔಷಧ ಕುಡಿಸಾಕ ಅಡ್ಡಾಡಿ, ಆಮ್ಯಾಲ ದವಾಖಾನಿಗೆ ಒಯ್ದಿ! ವೈನಿ ಎಲ್ಲಾ ಹೇಳ್ಯಾರ ನಂಗ.”

ಅಣ್ಣ ಮುಖ ತಗ್ಗಿಸಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನನಗೆ ಹೇಳಿದ್ದರೆ ಮೊದಲು ದವಾಖಾನೆ, ಆಮೇಲೆ ನಿಮ್ಮ ಬೇರು ನಾರು ಎಂದು ನಾನು ಫೋನಿನಲ್ಲೇ ಗದ್ದಲ ಹಾಕುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು.

ಅವ್ವನ ತಂಗಿ, ನಮ್ಮ ಸಣ್ಣವ್ವ, ಬಾಗಿಲಲ್ಲಿ ನಿಂತು ಸಮಾಧಾನಕ್ಕೆ ಬಂದರು. “ದೂರ ಇದ್ದವರಿಗೆ ಕೆಟ್ಟ ಸುದ್ದಿ ಹೇಳಬಾರ್ದವ್ವಾ. ಉಣ್ಣೂ ಅನ್ನ ಕಹಿ ಆಕ್ಕೈತಿ.”

ಈ ಮಾತನ್ನು ಯಾರು ಹುಟ್ಟಿಸಿದರೋ. ಇಲ್ಲಿ ಕೆನ್ಯಾದಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಜಮಖಂಡಿಯ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ಅಪ್ಪ ತೀರಿಕೊಂಡದ್ದನ್ನು ಹನ್ನೊಂದು ದಿನ ಹೇಳಲಿಲ್ಲ. ಆ ಹನ್ನೊಂದು ದಿನದ ನಡುವೆ ಅವಳು ಮಗನ ಹುಟ್ಟುಹಬ್ಬ ಮಾಡಿ ನಮಗೆಲ್ಲ ಪಾಯಸ ಹಂಚಿದ್ದಳು. ಆ ಪಾಯಸದ ಮಾತು ತೆಗೆದರೆ ಇವತ್ತಿಗೂ ಅವಳು ಎದ್ದು ಒಳಗೆ ಹೋಗುತ್ತಾಳೆ. ಅನ್ನ ಕಹಿಯಾಗುತ್ತದೆ ಅನ್ನುತ್ತಾರಲ್ಲ, ಆಗಲಿ ಬಿಡಿ. ಮನೆಯವರೆಲ್ಲ ಕಹಿ ಉಣ್ಣುವಾಗ ನನಗೊಬ್ಬಳಿಗೆ ಸಿಹಿ ಬಡಿಸಿ ಕೂಡಿಸಿದರೆ, ನಾನು ಆ ಮನೆಯವಳು ಹೇಗಾದೇನು? ಅತಿಥಿಯಾದೆ.

ಇದಕ್ಕಿಂತ ದೊಡ್ಡ ಅನ್ಯಾಯ ಆಮೇಲೆ ತಿಳಿಯಿತು. ಮೊದಲ ಎಂಟು ದಿನ ಅವ್ವನ ಮಾತು ನೆಟ್ಟಗಿತ್ತಂತೆ. ಮನೆಯಲ್ಲಿದ್ದ ದಿನವೆಲ್ಲ ಬೆಳಿಗ್ಗೆ ಹನ್ನೊಂದಕ್ಕೆ, ಒಳಕೋಣೆಯ ಹಾಸಿಗೆಯಿಂದಲೇ, ಎಡಗೈಯಿಂದ ಗೂಡಿನ ಕಡೆ ತೋರಿಸಿ, “ಅಕಿಗೆ ಫೋನ್ ಹಚ್ಚಿ ಕೊಡ್ರಿ, ಒಂದ ಮಾತ ಕೇಳೂದೈತಿ” ಎನ್ನುತ್ತಿದ್ದಳಂತೆ. “ನೀ ಆರಾಮಾದ ಮ್ಯಾಲ ಮಾತಾಡ ಬೇ” ಎಂದು ಅಣ್ಣ ಸುಮ್ಮನಾಗಿಸಿದ. ಒಂಬತ್ತನೆಯ ದಿನ ಎರಡನೆಯ ಸಲ ಹೊಡೆಯಿತು, ಮಾತು ಹೋಯಿತು. ನಾನು ಬಂದು ಮುಂದೆ ಕೂತಾಗ ಅವಳ ಬಾಯಿಂದ ಬಂದದ್ದು ಬರೀ ಗಾಳಿ, ಕಣ್ಣಿಂದ ನೀರು. ನನಗೆ ಸೇರಬೇಕಾದ ಎಂಟು ದಿನದ ಮಾತನ್ನು ನನ್ನ ಒಡಹುಟ್ಟಿದವನೇ ತಡೆದು ನಿಲ್ಲಿಸಿದ್ದ. ಇದನ್ನು ನಾನು ಕ್ಷಮಿಸಿಲ್ಲ. ಇಷ್ಟು ಬರೆದ ಮೇಲೂ ಕ್ಷಮಿಸಿಲ್ಲ.

ಒಂದು ತಿಂಗಳು ಇದ್ದೆ. ದಿನಾ ನಾನೇ ಅವ್ವನಿಗೆ ಎಣ್ಣೆ ತಿಕ್ಕಿ, ಎರೆದು, ಬಾಯಿ ಕದಲಿಸುವ ಪಾಠ ಮಾಡಿಸುತ್ತಿದ್ದೆ. ಹದಿನೈದನೆಯ ದಿನಕ್ಕೆ ಒಂದೊಂದೇ ಶಬ್ದ ಬರತೊಡಗಿತು, ತೊದಲು ತೊದಲು. ಒಂದು ದಿನ ಕೇಳಿದೆ, “ಯವ್ವಾ, ನಂಗ ಏನ ಕೇಳೂದಿತ್ತ ಬೇ?”

ಅವಳು ಬಹಳ ಹೊತ್ತು ಹೆಣಗಿ ಹೇಳಿದಳು: “ಉಂಡೀ... ಏನ.”

ಅಷ್ಟೇ. ಉಂಡೆಯಾ ಎಂದು ಕೇಳುವುದಕ್ಕೂ ಬಿಡಲಿಲ್ಲವಲ್ಲ ಇವರು! ಅಡುಗೆಮನೆಗೆ ಹೋಗಿ ವೈನಿಯ ಎದುರಿಗೇ ಮತ್ತೆ ಅಣ್ಣನಿಗೆ ಹತ್ತು ಮಾತು ಅಂದೆ. ಆಗಲೇ ವೈನಿ ಬಂದು ಅವ್ವನ ಕಾಲು ಹಿಡಿದು, ಫೋನ್ ಬಂದಾಗೆಲ್ಲ ರಾಟಿ ತಿರುಗಿಸಿದ್ದನ್ನು, ಅಮಾವಾಸ್ಯೆಯ ದಿನ ಸಿಕ್ಕಿಬಿದ್ದದ್ದನ್ನು ಒಪ್ಪಿಕೊಂಡರು. ಅವ್ವ ಬೈಯುತ್ತಾಳೆ ಎಂದುಕೊಂಡೆ. ಅವಳು ಸೊಟ್ಟ ಬಾಯಲ್ಲೇ ನಕ್ಕುಬಿಟ್ಟಳು.

ಮರುದಿನ ಬಚ್ಚಲಲ್ಲಿ ಅವ್ವನಿಗೆ ಎರೆಯುತ್ತಿದ್ದೆ. ನನ್ನ ಸೀರೆಯೂ ತೊಯ್ದು ಜಾರಿತ್ತು. ಅವ್ವನ ಎಡಗೈ ಬಂದು ನನ್ನ ಕಿಬ್ಬೊಟ್ಟೆಯ ಮೇಲೆ ನಿಂತಿತು. ಅಲ್ಲಿ ಅಂಗೈ ಅಗಲದಷ್ಟು ಉದ್ದದ ಹೊಲಿಗೆಯ ಗುರುತಿದೆ.

“ಇದ... ಏನ?”

ಅದರ ಹಿಂದಿನ ವರ್ಷ ಗರ್ಭಕೋಶದಲ್ಲಿ ಗಂಟಾಗಿ, ಇಲ್ಲಿಯ ಆಸ್ಪತ್ರೆಯಲ್ಲಿ ಕೊಯ್ಸಿಕೊಂಡಿದ್ದೆ. ಹನ್ನೆರಡು ದಿನ ಹಾಸಿಗೆ. ಆ ಹನ್ನೆರಡು ದಿನ ಗಂಡ ರಬಕವಿಗೆ ಫೋನ್ ಮಾಡಿ, “ಮದುವಿ ಬ್ಲೌಸ್ ಭಾಳ ಬಂದಾವ್ರಿ ಅತ್ತಿ, ಅಕಿ ಮಷೀನ್ ಬಿಟ್ಟ ಏಳವಲ್ಲಳು. ಎಲ್ಲಾ ಆರಾಮ್ ಅದೀವಿ” ಎಂದಿದ್ದ. ಹಾಗೆ ಹೇಳು ಎಂದು ಹೇಳಿಕೊಟ್ಟವಳು ನಾನೇ. ಅವ್ವನಿಗೆ ವಯಸ್ಸಾಗಿದೆ, ದೂರ ಇದ್ದಾಳೆ, ತ್ರಾಸ ಯಾಕೆ ಎಂದಿದ್ದೆ. ಅಣ್ಣ ನನಗೆ ಹೇಳಿದ ಅದೇ ಮಾತು.

ತಾ ಕಳ್ಳ, ಪರರ ನಂಬ ಅನ್ನುತ್ತಾರೆ. ಹದಿನೈದು ದಿನದಿಂದ ಮನೆಯವರನ್ನೆಲ್ಲ ನ್ಯಾಯಕ್ಕೆ ನಿಲ್ಲಿಸಿದವಳು ಬಚ್ಚಲಲ್ಲಿ ತಂಬಿಗೆ ಹಿಡಿದು ನಿಂತಿದ್ದೆ. ಎಲ್ಲವನ್ನೂ ಹೇಳಿದೆ. ಅವ್ವ ಕೇಳಿಸಿಕೊಂಡಳು. ಆ ಗುರುತಿನ ಮೇಲೆ ಬಿಸಿನೀರು ಹಾಕು ಎಂದು ಸನ್ನೆ ಮಾಡಿದಳು, ಅದು ಇನ್ನೂ ಹಸಿಯಾಗಿದೆ ಎನ್ನುವ ಹಾಗೆ. ನನಗೆ ನನ್ನ ಮೇಲೆಯೇ ಬಂದ ಸಿಟ್ಟು, ಅಣ್ಣನ ಮೇಲೆ ಬಂದದ್ದಕ್ಕಿಂತ ಕಡಿಮೆಯಿರಲಿಲ್ಲ.

ಹೊರಡುವ ದಿನ ಎಲ್ಲರನ್ನೂ ಕೂಡಿಸಿ ಒಂದು ನೇಮ ಮಾಡಿದೆ. ಇನ್ನು ಮೇಲೆ ಫೋನಿನಲ್ಲಿ ಮೊದಲು ಕೆಟ್ಟದ್ದು, ಆಮೇಲೆ ಒಳ್ಳೆಯದು. ವಿಡಿಯೋ ಇಲ್ಲದೆ ಮಾತಿಲ್ಲ. ಅಣ್ಣ ತಲೆಯಾಡಿಸಿದ. ಈಗ ಅದನ್ನು ನನ್ನ ಮೇಲಿನ ಹಗೆಗೆ ಪಾಲಿಸುತ್ತಾನೆ. ಫೋನ್ ಎತ್ತಿದ ಕೂಡಲೇ, “ಕೆಟ್ಟ ಸುದ್ದಿ ಒಂದ: ಎರಡನೇ ಮಗ್ಗದ ಮೋಟರ್ ಸುಟ್ಟೈತಿ. ಕೆಟ್ಟ ಸುದ್ದಿ ಎರಡ: ಬೆಕ್ಕ ಹಾಲ ಕುಡದೈತಿ. ಕೆಟ್ಟ ಸುದ್ದಿ ಮೂರ: ನಿಮ್ಮ ವೈನಿ ಪಲ್ಲೆಕ್ಕ ಉಪ್ಪ ಹಾಕಿಲ್ಲ” ಎಂದು ಸಾಲಾಗಿ ಒಪ್ಪಿಸುತ್ತಾನೆ. ಒಪ್ಪಿಸಲಿ. ಅವ್ವ ಕೋಲು ಹಿಡಿದು ಬಚ್ಚಲತನಕ ಹೋದದ್ದೂ ಬಿದ್ದದ್ದೂ ಎರಡೂ ನನಗೆ ಅದೇ ದಿನ ತಿಳಿಯುತ್ತವೆ.

ಮೊನ್ನೆ ಹೀಗೆಯೇ ಫೋನ್ ಮಾಡಿದ್ದೆ. ಅವ್ವ ರಾಟಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ರಾಟಿಗೆ ಈಗ ಬಟ್ಟೆ ಮುಚ್ಚಿದ್ದಾರೆ. ಅಣ್ಣನ ಕೆಟ್ಟ ಸುದ್ದಿಗಳು ಮುಗಿದವು. “ಈಗ ನಿಂದ ಹೇಳು” ಅಂದ.

ಹಿಂದಿನ ದಿನವಷ್ಟೇ ಇಲ್ಲಿಯ ಡಾಕ್ಟರು ಸ್ಕ್ಯಾನಿಂಗ್ ನೋಡಿ, ಗಂಟು ಮತ್ತೆ ಬಂದಿದೆ, ಈ ಸಲ ಗರ್ಭಕೋಶವನ್ನೇ ತೆಗೆಯಬೇಕಾದೀತು ಎಂದಿದ್ದರು. ನಾನು ಅವ್ವನ ಮುಖ ನೋಡಿದೆ. ಸ್ವಲ್ಪ ಇಳಿದುಹೋಗಿದ್ದಳು.

“ನಂದೇನ ಇಲ್ಲ,” ಅಂದೆ, “ಎಲ್ಲಾ ಆರಾಮ್ ಅದೀವಿ.”

ಅವ್ವ ನನ್ನನ್ನೇ ನೋಡುತ್ತ ಕೂತಳು. ಆಮೇಲೆ ಎಡಗೈ ಎತ್ತಿ, ಗಾಳಿಯಲ್ಲಿ ದುಂಡಗೆ ತಿರುಗಿಸತೊಡಗಿದಳು.

“ರಾಟಿ... ತಿರುವ್ಲೇನ?” ಅಂದಳು.

ವೈನಿ ಹಿಂದೆ ಬಂದು ನಿಂತರು. ಅಣ್ಣ ನಗಲಿಲ್ಲ. ಅವ್ವ ಕೈ ತಿರುಗಿಸುತ್ತಲೇ ಇದ್ದಳು.

“ಮತ್ತ ಗಂಟ ಆಗೇತಿ ಬೇ ಯವ್ವಾ,” ಅಂದೆ.

ಅವ್ವನ ಕೈ ನಿಂತಿತು.