ಪುಸ್ತಕದ ಬೆನ್ನಿನೊಳಗೆ ಹನ್ನೊಂದು ಅಧ್ಯಾಯ

ಬೆಳಗಿನ ಆರು ಗಂಟೆ. ಗ್ರಂಥಾಲಯದ ನೆಲಮಾಳಿಗೆಯ ದುರಸ್ತಿ ಕೋಣೆಯಲ್ಲಿ ಸಣ್ಣ ಒಲೆಯ ಮೇಲೆ ನೀರು ಕುದಿಯುತ್ತಿದೆ. ಹಳೆಯ ರಿಜಿಸ್ಟರೊಂದರ ಬೆನ್ನನ್ನು ಹಬೆಗೆ ಒಡ್ಡಿ ಹಿಡಿದಿರುವ ಹೆಂಗಸು, ಈಗ ಮಾತು ಬೇಡ ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡುತ್ತಾರೆ. ನೂರೈವತ್ತು ವರ್ಷದ ಹಿಟ್ಟಿನ ಅಂಟು ನಿಧಾನವಾಗಿ ಮೆತ್ತಗಾಗುತ್ತದೆ. ಮೂಳೆಯ ತೆಳು ಪಟ್ಟಿ ತೂರಿಸಿ, ಬೆನ್ನಿನ ಒಳಗೆ ಬಿಗಿಗೆಂದು ಅಂಟಿಸಿದ್ದ ಹಳೆಯ ಅಚ್ಚಿನ ಹಾಳೆಯನ್ನು ಎಬ್ಬಿಸುತ್ತಾರೆ. ಉಸಿರು ಬಿಡುವುದು ಆಮೇಲೆಯೇ. “ಸಾಬೂನಿನ ಜಾಹೀರಾತು, ಅಷ್ಟೇ,” ಎಂದು ನಗುತ್ತಾರೆ.

ಐವತ್ತೇಳು ವರ್ಷದ ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಅಂಟಕ್ಕ ಎಂದೇ. ಮನೆಯಲ್ಲಿ ಮಾತ್ರ ಇವರು ತಂಗಿ. ಅಪ್ಪ ಬೈಂಡರ್. ಅವರ ಕಣ್ಣು ಮಂಜಾದಾಗ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಶಾಲೆ ಬಿಟ್ಟು ಸೂಜಿ ಹಿಡಿಯಬೇಕಾಯಿತು. “ನಿನ್ನ ಬೆರಳು ಚೆನ್ನಾಗಿದೆ ಅಂದ್ರು ಅಪ್ಪ. ಹೊಗಳಿಕೆ ಅಂದ್ಕೊಂಡು ಕುಣಿದಾಡ್ಬಿಟ್ಟೆ. ಶಾಲೆ ತಪ್ಪಿತು ಅಂತ ಗೊತ್ತಾಗೋ ಹೊತ್ತಿಗೆ ಅಕ್ಕ ಕಾಲೇಜು ಸೇರಿದ್ಲು.” ಅಂದಿನಿಂದ ನಲವತ್ತು ವರ್ಷ. ಈಗ ವಾರಕ್ಕೆ ಹತ್ತು ಪುಸ್ತಕ ಹೊಲಿಯುತ್ತಾರೆ. ಒಂದು ಹಾಳೆ ಹರಿಯದಂತೆ ಬಿಡಿಸಲು ನಾಲ್ಕು ಗಂಟೆ ಬೇಕು.

ಅಕ್ಕ ಪ್ರೊಫೆಸರ್ ಆದರು. ವಿಕ್ಟೋರಿಯಾ ರಾಣಿಯ ಕಾಲದ ಒಂದು ದೊಡ್ಡ ಇಂಗ್ಲಿಷ್ ಕಾದಂಬರಿಯನ್ನು ಮೂವತ್ತು ವರ್ಷ ಪಾಠ ಮಾಡಿದರು. ಅದು ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಪುಸ್ತಕವಾಗುವಾಗ ಪ್ರಕಾಶಕ, ಉದ್ದವಾಯಿತೆಂದು ಹನ್ನೊಂದು ಅಧ್ಯಾಯ ಕತ್ತರಿಸಿ ಎಸೆದ. ಆ ಪತ್ರಿಕೆಯ ಸಂಚಿಕೆಗಳು ಎಲ್ಲೂ ಉಳಿದಿರಲಿಲ್ಲ. ಜಗತ್ತು ಓದಿದ್ದೆಲ್ಲ ಕತ್ತರಿ ಬಿದ್ದ ಕತೆಯನ್ನೇ. ಆ ಕತೆಯಲ್ಲಿ ಅಕ್ಕತಂಗಿ ಇದ್ದಾರೆ. ಅಕ್ಕ ತನ್ನ ಪ್ರಿಯನಿಗೆ ಬರೆದ ಕಾಗದಗಳನ್ನು ತಂಗಿ ಕಾರಣವೇ ಇಲ್ಲದೆ ಸುಟ್ಟು, ಗಾಡಿ ಹತ್ತಿ ಹೊರಟುಹೋಗುತ್ತಾಳೆ. ಮುಂದೆ ಅವಳ ಸುದ್ದಿಯೇ ಇಲ್ಲ.

“ಚಿಕ್ಕವಳಿದ್ದಾಗ ಅಕ್ಕ ನಂಗೆ ಅದನ್ನ ಓದಿ ಹೇಳ್ತಿದ್ಲು. ಆ ತಂಗಿ ಬಂದಾಗೆಲ್ಲ, ನೋಡು, ಥೇಟ್ ನೀನೇ ಅನ್ನೋಳು. ಮೈಯೆಲ್ಲ ಉರೀತಿತ್ತು.”

ನಾಲ್ಕು ವರ್ಷದ ಹಿಂದೆ, ಗೆದ್ದಲು ಹಿಡಿದ ರಿಜಿಸ್ಟರೊಂದರ ಬೆನ್ನು ಬಿಚ್ಚುವಾಗ ಅಂಟಕ್ಕನಿಗೆ ಒಂದು ಹಾಳೆ ಸಿಕ್ಕಿತು. ವಿಲಾಯಿತಿಯಿಂದ ಬಂದು ಮಾರಾಟವಾಗದೆ ಉಳಿದ ಪತ್ರಿಕೆಗಳನ್ನು ಅಂದಿನ ಬೈಂಡರ್‌ಗಳು ರದ್ದಿಯಾಗಿ ತಂದು ಹೀಗೆ ಒಳಗೆ ಅಂಟಿಸುತ್ತಿದ್ದರು. ಹಾಳೆಯಲ್ಲಿ ಆ ಅಕ್ಕತಂಗಿಯರ ಹೆಸರಿತ್ತು. ಆದರೆ ಆ ಮಾತುಗಳನ್ನು ಅಕ್ಕ ಎಂದೂ ಓದಿ ಹೇಳಿರಲಿಲ್ಲ. ಮೂರು ವರ್ಷದಲ್ಲಿ ಅರವತ್ತೊಂದು ರಿಜಿಸ್ಟರ್ ಬಿಚ್ಚಿ, ನಲವತ್ತಮೂರು ಹಾಳೆ ಬಿಡಿಸಿದರು. ಒಂದೊಂದನ್ನೂ ತಾವು ಓದಿ, ಒಣಗಿಸಿ, ಅಕ್ಕನಿಗೆ ಕಳಿಸಿದರು. ಕಾದಂಬರಿಯಲ್ಲಿ ಆ ಪ್ರಿಯನಿಗೆ ಹೋಗುತ್ತಿದ್ದ ಕಾಗದಗಳನ್ನೆಲ್ಲ ಅಕ್ಕನ ಹೆಸರಿನಲ್ಲಿ ಬರೆದದ್ದು ತಂಗಿಯೇ ಎಂಬುದು ಹೀಗೆ ಬಯಲಾಯಿತು. ಅವಳು ಸುಟ್ಟದ್ದು ತನ್ನದೇ ಬರಹ.

ಬಾಕಿ ಉಳಿದಿದ್ದ ಒಂದೇ ಒಂದು ಹಾಳೆ, ಕತೆಯ ಕೊನೆಯದು, ಸಿಕ್ಕಿದ್ದು ಅಕ್ಕ ಸಂಪಾದಿಸಿದ ಸಂಪೂರ್ಣ ಆವೃತ್ತಿ ಅಚ್ಚಿಗೆ ಹೋಗಲು ಎರಡು ವಾರ ಇರುವಾಗ. ಅಷ್ಟರಲ್ಲಿ ಮುಖಪುಟ ಸಿದ್ಧವಾಗಿತ್ತು, ಅದರ ಮೇಲೆ ಅಕ್ಕನ ಹೆಸರಿತ್ತು. ಮುನ್ನುಡಿಯಲ್ಲಿ ‘ಗ್ರಂಥಾಲಯದ ಸಿಬ್ಬಂದಿಗೆ ಕೃತಜ್ಞತೆಗಳು’ ಎಂದಷ್ಟೇ ಇತ್ತು.

“ಗೆದ್ದಲು ಹುತ್ತ ಕಟ್ಟಿದ್ರೆ ಹಾವು ಬಂದು ಸೇರ್ಕೊಳ್ತು, ಅಲ್ವಾ?” ಎನ್ನುವ ಅಂಟಕ್ಕ ಮುಂದಿನದನ್ನೂ ಹೇಳುತ್ತಾರೆ. “ಆ ಹಾಳೆ ಬಚ್ಚಿಟ್ಟೆ.”

ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ, ಹನ್ನೊಂದು ದಿನ. ಅಕ್ಕ ದಿನಾ ಫೋನ್ ಮಾಡುತ್ತಿದ್ದರು. “ಸಿಕ್ತೇನೇ?” “ಇನ್ನೂ ಇಲ್ಲ ಕಣೇ.” ಸುಳ್ಳು ಹೇಳಿ ಫೋನ್ ಇಟ್ಟಾಗ ಸಂತೋಷವಾಗುತ್ತಿತ್ತೇ ಎಂದು ಕೇಳುತ್ತೇನೆ. “ಮೊದಲ ಮೂರು ದಿನ ಹಬ್ಬ. ಆಮೇಲೆ ಊಟ ಸೇರ್ಲಿಲ್ಲ. ಕೊಟ್ರೆ ಅವಳು ಅದಕ್ಕೊಂದು ಅಡಿಟಿಪ್ಪಣಿ ಹಾಕಿ ತನ್ನದು ಮಾಡ್ಕೊಳ್ತಾಳೆ. ಅವಳಿಗೆ ಎಲ್ಲಾ ಇದೆ, ನಂಗೆ ಇದೊಂದು ಪುಟನಾದ್ರೂ ಇರ್ಲಿ ಅನ್ನಿಸ್ತಿತ್ತು.”

ಆ ಪುಟದಲ್ಲಿ ಕಾದಂಬರಿಯ ತಂಗಿ ವರ್ಷಗಳ ಮೇಲೆ ಮನೆಗೆ ಮರಳುತ್ತಾಳೆ. ಅಕ್ಕ ಬಾಗಿಲು ತೆರೆದು, ಏನೂ ಕೇಳದೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಹನ್ನೊಂದನೆಯ ದಿನ ಅಂಟಕ್ಕ ಅದನ್ನು ಮತ್ತೊಮ್ಮೆ ಓದಿದರು. “ನಾನು ಬಚ್ಚಿಟ್ರೆ ಆ ಹುಡುಗಿ ಇನ್ನೂ ನೂರೈವತ್ತು ವರ್ಷ ಗಾಡಿ ಮೇಲೇ ಕೂತಿರ್ತಾಳಲ್ಲ ಅನ್ನಿಸ್ತು. ಬಸ್ಸು ಹತ್ತಿ ಹೋಗಿ ಅಕ್ಕನ ಕೈಗೇ ಕೊಟ್ಟು ಬಂದೆ.”

ಪುಸ್ತಕ ಹೋದ ತಿಂಗಳು ಬಂತು. ಬಿಡುಗಡೆಯಲ್ಲಿ ಅಕ್ಕನಿಗೆ ಚಪ್ಪಾಳೆ, ತಂಗಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ. ಕಳೆದ ವಾರ ಪ್ರೊಫೆಸರ್ ಅಕ್ಕ ಮೊದಲ ಸಲ ಈ ನೆಲಮಾಳಿಗೆಗೆ ಇಳಿದು ಬಂದಿದ್ದರು. ಆ ಹಾಳೆ ನಿಜವಾಗಿ ಯಾವತ್ತು ಸಿಕ್ಕಿತ್ತು ಎಂದು ಕೇಳಿದರು. ಅಂಟಕ್ಕ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು.

“ಬೈತಾಳೆ ಅಂದ್ಕೊಂಡೆ. ಸ್ಟೂಲ್ ಎಳ್ಕೊಂಡು ಕೂತ್ಲು. ‘ಮೂವತ್ತು ವರ್ಷ ಪಾಠ ಮಾಡಿದೋಳು ನಾನು ಕಣೇ. ಆ ಪುಟಗಳನ್ನ ಮೊದಲು ಓದೋ ಭಾಗ್ಯ ನಿಂದಾಯ್ತು. ನೀನು ಒಂದೊಂದೇ ಹಾಳೆ ಕಳಿಸುವಾಗ ನಂಗೆ ಹೊಟ್ಟೆ ಹೇಗೆ ಉರೀತಿತ್ತು ಗೊತ್ತಾ? ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಕೊಡ್ತಾನೇ ಇರ್ಲಿಲ್ಲ’ ಅಂದ್ಲು. ಆಮೇಲೆ ಇಬ್ರೂ ನಕ್ಕಿದ್ದೇ ನಕ್ಕಿದ್ದು.”

ಎರಡನೆಯ ಮುದ್ರಣದಲ್ಲಿ ತಂಗಿಯ ಹೆಸರನ್ನೂ ಮುಖಪುಟಕ್ಕೆ ಹಾಕಿಸುತ್ತೇನೆಂದು ಅಕ್ಕ ಹೇಳಿ ಹೋಗಿದ್ದಾರಂತೆ. ಖುಷಿಯೇ ಎಂದು ಕೇಳುತ್ತೇನೆ. ಅಂಟಕ್ಕ ಕೈಗಂಟಿದ ಅಂಟನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

“ಅವಸರ ಏನಿಲ್ಲ ಅಂದೆ. ಹೆಸರು ಹಾಕ್ಬಿಟ್ರೆ ಲೆಕ್ಕ ಚುಕ್ತಾ ಆಗ್ಬಿಡುತ್ತಲ್ಲ. ನಾನು ನಲವತ್ತು ವರ್ಷ ಹೊಟ್ಟೆ ಉರ್ಕೊಂಡಿದ್ದೀನಿ. ಅವಳೂ ಒಂದು ವರ್ಷ ಉರ್ಕೊಳ್ಲಿ ಬಿಡಿ.”