ರೊಟ್ಟಿಯಂತೆ ದಪ್ಪೆನ್ನುವ ಡಬ್ಬಿ

ಅಡುಗೆಮನೆಯ ಸ್ಟೀಲ್ ಲೋಟಗಳು ಈಗ ತಾನೇ ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಅಹಮದಾಬಾದಿನಲ್ಲಿ ಹೀಗಾದರೆ ಜನ ಮೊದಲು ಮೆಟ್ಟಿಲ ಕಡೆ ಓಡುತ್ತಾರೆ. ನೀವು ಓಡಬೇಡಿ, ಕೂತುಕೊಳ್ಳಿ. ಇದು ಭೂಕಂಪವಲ್ಲ. ಹಾಲ್‌ನಲ್ಲಿ ನನ್ನ ಮೊಮ್ಮಗಳು ಹಾಡು ಹಾಕಿದ್ದಾಳೆ, ಮೂಲೆಯ ಕರಿ ಡಬ್ಬಿ ಮಾತಾಡುತ್ತಿದೆ, ಅಷ್ಟೆ. ಅದರ ಹೆಸರು ಸಬ್‌ವೂಫರ್. ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಈ ಹೆಸರು ನಾಲಿಗೆಗೆ ಒಗ್ಗಲು ಬಹಳ ದಿನ ಬೇಕಾಯಿತು. ಒಗ್ಗಿದ ಮೇಲೆ ಸೊಸೈಟಿಯ ಹೆಂಗಸರ ಮುಂದೆ ಬೇಕಿರಲಿ ಬಿಡಲಿ ಒಮ್ಮೆ ಅಂದುಬಿಡುತ್ತೇನೆ.

ನಮ್ಮ ಯಜಮಾನರ ರೈಲ್ವೆ ನೌಕರಿ ನಮ್ಮನ್ನು ಧಾರವಾಡದ ಕಡೆಯಿಂದ ಇಲ್ಲಿಗೆ ತಂದಿತು. ಮಗ ಇಲ್ಲಿಯ ಸ್ಯಾಟಲೈಟ್ ಬಡಾವಣೆಯಲ್ಲಿ ಫ್ಲ್ಯಾಟ್ ಕೊಂಡ, ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಆಮೇಲೆ ಹುಟ್ಟಿದಳು ನೋಡಿ ನಮ್ಮ ಚಿನ್ನು! ಅವಳ ಗಲ್ಲದ ಗುಳಿಯ ಬಗ್ಗೆ ಬರೆಯಲು ಹೊರಟರೆ ಸಬ್‌ವೂಫರ್ ಇಲ್ಲೇ ಉಳಿಯುತ್ತದೆ, ಹಾಗಾಗಿ ತಡೆದುಕೊಂಡಿದ್ದೇನೆ.

ವರ್ಷ ತುಂಬಿದರೂ ಚಿನ್ನು ನಡೆಯಲಿಲ್ಲ. ಕೂತಲ್ಲೇ ಜಾರಿಕೊಂಡು ಮನೆಯೆಲ್ಲ ಒರೆಸುತ್ತಿದ್ದಳು. ತನ್ನ ಹೊತ್ತಿಗೆ ನಡೆಯುತ್ತಾಳೆ ಎಂದು ಡಾಕ್ಟರು ನಕ್ಕಿದ್ದರು. ಹಾಗಾಗಿ ನಮಗೆ ಅವಳ ಕಾಲಿನ ಚಿಂತೆ ಇರಲಿಲ್ಲ. ಮೊದಲ ಹೆಜ್ಜೆ ಯಾರ ಕಡೆ ಇಡುತ್ತಾಳೆ ಅನ್ನುವುದೇ ಚಿಂತೆ. ಸಂಜೆಯಾದರೆ ಹಾಲ್‌ನ ಆ ತುದಿಯಲ್ಲಿ ಯಜಮಾನರು, ಈ ತುದಿಯಲ್ಲಿ ನಾನು.

“ಬಾ ನನ್ನ ಬಂಗಾರ, ಅಜ್ಜಿ ಕಡೆ ಬಾ!”

“ಅಕಿ ಕಡೆ ಏನೈತಿ? ಬರೇ ಹಿಟ್ಟಿನ ಕೈ. ನನ್ನ ಕಡೆ ಬಾ, ಬಿಸ್ಕೀಟ ಐತಿ!”

“ಲಂಚಾ ಕೊಟ್ಟು ಕರಿಯೂದು ಯಾವ ಮರ್ಯಾದಿರೀ?”

ಮಗು ನಮ್ಮಿಬ್ಬರನ್ನೂ ನೋಡಿ, ನಡುವೆ ಕೂತು, ಕಾಲ್ಬೆರಳು ಬಾಯಿಗಿಟ್ಟುಕೊಳ್ಳುತ್ತಿತ್ತು.

ಆದರೆ ನನ್ನ ಹತ್ತಿರ ಒಂದು ಗುಟ್ಟಿತ್ತು. ನಾನು ಜೋಳದ ರೊಟ್ಟಿ ಬಡಿಯಲು ಕೂತರೆ ಸಾಕು, ಚಿನ್ನು ಬಾಗಿಲು ಹಿಡಿದು ಎದ್ದು ನಿಂತು ಕುಪ್ಪಳಿಸುತ್ತಿದ್ದಳು. ನನ್ನ ರೊಟ್ಟಿಯ ಸದ್ದು ಸಾಮಾನ್ಯವಲ್ಲ. ಕೆಳಗಿನ ಮನೆಯ ಗುಜರಾತಿ ಹೆಂಗಸು ಒಮ್ಮೆ ಬಂದು “ಫರ್ನಿಚರ್ ಕರಾವೋ ಛೋ?” ಎಂದು ಕೇಳಿದ್ದಳು. ನಮ್ಮಲ್ಲಿ ಬಡಗಿ ಕೂತಿದ್ದಾನೆಂದು ತಿಳಿದಿದ್ದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಅಂದಿನಿಂದ ಸದ್ದು ಕೇಳಿದರೆ ತಟ್ಟೆ ಹಿಡಿದೇ ಬರುತ್ತಾಳೆ.

ಹೀಗಿರುವಾಗ ಮಗ, ಹಾಡು ಕೇಳಲು ಸಬ್‌ವೂಫರ್ ತರೋಣ ಎಂದ.

“ಅದೇನು ಮಾಡತೈತೋ?”

“ಅವ್ವಾ, ಮನ್ಯಾಗಿನ ಸಣ್ಣ ಸ್ಪೀಕರ್ ಹಾಡು ಹಾಡತಾವ. ಡೋಲಿನ ಪೆಟ್ಟು, ತಬಲಾದ ಎಡಗೈ ದನಿ, ಅವು ಇದರಾಗ ಬರತಾವ.”

“ಅಂದ್ರ ರೊಟ್ಟಿ ಬಡ್ಯೂ ದನಿ ಅನ್ನು.”

ಮಗ ನಕ್ಕ. ನಾನು ನಗಲಿಲ್ಲ. ರೊಟ್ಟಿಯಂತೆ ಬಡಿಯುವ ಡಬ್ಬಿ ತಂದು, ಅದರ ಪಕ್ಕ ನಾನು ನಿಂತರೆ, ಮಗು ಎತ್ತ ಬರುತ್ತದೆ ನೀವೇ ಹೇಳಿ!

ಅಂಗಡಿಗೆ ಎಲ್ಲರೂ ಹೋದೆವು. ನಮ್ಮ ಯಜಮಾನರು ಕಲ್ಲಂಗಡಿ ಹಣ್ಣು ಆರಿಸುವವರಂತೆ ಒಂದೊಂದು ಡಬ್ಬಿಯನ್ನೂ ಬೆರಳಿನಿಂದ ತಟ್ಟಿದರು, ಎತ್ತಿ ನೋಡಿದರು. “ಇದು ಭಾರ ಐತಿ. ಇದನ್ನ ಕಟ್ಟಸು,” ಎಂದರು.

ಯಾವ ಹಾಡು ಹಚ್ಚಲಿ ಎಂದು ಅಂಗಡಿಯವರು ನನ್ನನ್ನು ಕೇಳಿದರು. ನಾನು ನನ್ನ ಹಿಂದಿಯಲ್ಲಿ, “ಕೋಯೀ ಭೀ ಲಗಾವ್ ಭಾಯಿ, ರೋಟ್ಲಾ ಕಾ ಆವಾಜ್ ಆನಾ,” ಎಂದೆ.

“ಬಾಜ್ರೀನೋ ರೋಟ್ಲೋ?” ಎಂದು ಅವರ ಮುಖ ಅರಳಿತು. ಅವರ ತಾಯಿಯೂ ಸಜ್ಜೆಯ ರೊಟ್ಟಿಯನ್ನು ಕೈಯಲ್ಲೇ ತಟ್ಟುತ್ತಾರಂತೆ. ಗಾಳಿಯಲ್ಲಿ ಎರಡು ಕೈಯಿಂದ ತಟ್ಟಿ ತೋರಿಸಿದರು. ಮಗ ತಲೆ ಹಿಡಿದುಕೊಂಡ.

ಭಾರದ ಡಬ್ಬಿ ಹಚ್ಚಿದರು. ದಮ್ಮ್ಮ್ ಎಂದು ಎಳೆಯುತ್ತಲೇ ಹೋಯಿತು, ಮೆಟ್ಟಿಲ ಮೇಲೆ ಹಂಡೆ ಉರುಳಿದ ಹಾಗೆ. ಚಿನ್ನು ಹೆದರಿ ಅಪ್ಪನ ಕೊರಳಿಗೆ ಬಿದ್ದಳು. ಅದಕ್ಕಿಂತ ಸಣ್ಣದನ್ನು ಹಚ್ಚಿದರು. ದಪ್ ಅಂದಿತು, ನಿಂತಿತು. ಮತ್ತೆ ದಪ್. ಅದರ ಜೊತೆ ನಾನೂ ಕೌಂಟರಿನ ಮೇಲೆ ಎರಡೂ ಅಂಗೈಯಿಂದ ಬಡಿಯತೊಡಗಿದೆ. ಚಿನ್ನು ಅಪ್ಪನ ತೋಳಿನಲ್ಲೇ ಕುಣಿದಳು. ಯಜಮಾನರು ನನ್ನ ಪರಿಚಯವೇ ಇಲ್ಲದವರಂತೆ ಫ್ರಿಜ್‌ಗಳ ಕಡೆ ನಡೆದುಹೋದರು.

“ಅವ್ವಾ, ಸಾಕು. ಮಂದಿ ನೋಡಾಕತ್ತಾರ.”

“ನೋಡವಲ್ರ್ಯಾಕ. ನಾ ಏನ್ ಕಳವು ಮಾಡಾಕತ್ತೇನೇನು?”

ಆ ಸಣ್ಣದೇ ಮನೆಗೆ ಬಂತು. ಅರಿಶಿನ ಕುಂಕುಮ ಹಚ್ಚಿದೆ. ಧೂಳು, ದೃಷ್ಟಿ ಎರಡೂ ತಾಗದಿರಲಿ ಎಂದು ನಾನೇ ಹೊಲಿದ ದಪ್ಪ ಕೌದಿ ಹೊದಿಸಿದೆ. ಸಂಜೆ ಆಫೀಸಿನಿಂದ ಬಂದ ಮಗ ಹಾಡು ಹಚ್ಚಿದರೆ ಬಾವಿಯೊಳಗಿನಿಂದ ಯಾರೋ ಕೆಮ್ಮಿದಂತಾಯಿತು.

“ಅವ್ವಾ, ಇದಕ್ಕೇನ ಥಂಡಿ ಹತ್ತೈತೇನು?”

ಕೌದಿ ತೆಗೆದ. ದಪ್! ನಾನು ಓಡಿಹೋಗಿ ಡಬ್ಬಿಯ ಪಕ್ಕ ಕೂತು ಕೈ ಚಾಚಿದೆ. ಎದುರು ತುದಿಯಲ್ಲಿ ಯಜಮಾನರು, ಬಿಸ್ಕೀಟು. ಚಿನ್ನು ಸೋಫಾ ಹಿಡಿದು ಎದ್ದಳು. ಕೈ ಬಿಟ್ಟಳು. ನನ್ನ ಕಡೆ ತಿರುಗಿದಳು! ಒಂದು ಹೆಜ್ಜೆ. ಇನ್ನೊಂದು. ನನ್ನ ಬಂಗಾರ, ನನ್ನ ಕಡೆಗೇ, ನೆಟ್ಟಗೆ! ಅಪ್ಪಿಕೊಳ್ಳಲು ನಾನು ಬಾಗಿದೆ. ಅವಳು ನನ್ನ ತೋಳಿನಡಿ ನುಸುಳಿ ಹೋಗಿ ಡಬ್ಬಿಯನ್ನು ತಬ್ಬಿಕೊಂಡು, ಅದಕ್ಕೆ ಗಲ್ಲ ಒತ್ತಿ ಕಣ್ಣು ಮುಚ್ಚಿದಳು.

ಯಜಮಾನರು ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತ ಅವರ ಮುಖ ಇಳಿಯಿತು. “ಇಬ್ಬರೂ ಸೋತ್ವಿ ನೋಡ,” ಎಂದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯದು. ಊರಿಗೆಲ್ಲ ಫೋನ್ ಮಾಡಿ, ಮಗು ನನ್ನ ಕಡೆ ನಡೆದು ಬಂತು ಎಂದೆ. ಡಬ್ಬಿ ನನ್ನ ಪಕ್ಕದಲ್ಲೇ ಇತ್ತಲ್ಲ, ಅದೇನು ದೊಡ್ಡ ಸುಳ್ಳಲ್ಲ.

ಈಗ ಚಿನ್ನು ಶಾಲೆಗೆ ಹೋಗುತ್ತಾಳೆ. ಗುಜರಾತಿ, ಹಿಂದಿ, ಇಂಗ್ಲಿಷು ನೀರು ಕುಡಿದಂತೆ. ಕನ್ನಡ ಮಾತ್ರ ಉಪ್ಪಿನಕಾಯಿಯಷ್ಟು. ನವರಾತ್ರಿ ಹತ್ತಿರ ಬಂತು, ಹಾಲ್‌ನಲ್ಲಿ ಗರ್ಬಾ ಅಭ್ಯಾಸ ನಡೆದಿದೆ. ಇಷ್ಟು ಬರೆದಿದ್ದೆ, ಅಷ್ಟರಲ್ಲಿ ಅವಳೇ ಓಡಿ ಬಂದು ನನ್ನ ಕೈಯ ಪೆನ್ನು ಕಿತ್ತಿಟ್ಟಳು.

“ಅಜ್ಜೀ, ಚಾಲ್ ನೆ, ಬಾ! ಒಬ್ಬಾಕಿ ಬೋರ್ ಆಗತೈತಿ. ನೀ ಬೇಕು.”

ನೀ ಬೇಕು! ಮದುವೆಯ ಮೆರವಣಿಗೆಯಲ್ಲೂ ಕುಣಿಯದವಳು ನಾನು, ಮಂಡಿ ನೋವು ಮರೆತು, ಸೆರಗು ಸಿಕ್ಕಿಸಿ, ಹಾಲ್ ತುಂಬ ತಿರುಗಿದೆ. ಡಬ್ಬಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

“ಏ, ನನ್ನೂ ಕರೀ ಅಂತ ಹೇಳ ಅಕಿಗೆ!” ಎಂದು ಸೋಫಾದ ಮೇಲಿಂದ ಯಜಮಾನರು ಕೂಗುತ್ತಿದ್ದರು. ಸಬ್‌ವೂಫರಿನ ಸದ್ದಿನಲ್ಲಿ ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ ಎಂದೇ ನಾನು ಅವರಿಗೆ ಹೇಳುವವಳು.